ಸಂಪಾದಕರ ಉತ್ತರ: ಕೇಸು ನಡೆಸದವರು ಕಾನೂನಿನ ಬಗ್ಗೆ ಯಾಕೆ ಬರೆಯಬೇಕು?

ಓದುಗರ ಪತ್ರ:

"ಸಂಪಾದಕರೇ, ಕಳೆದ ಕೆಲವು ಸಂಚಿಕೆಗಳಿಂದ ನಿಮ್ಮಲ್ಲಿ ಕಾನೂನು ಪ್ರಾಧ್ಯಾಪಕರ ಬರಹಗಳು ಜಾಸ್ತಿಯಾಗಿವೆ. ಒಂದು ಕೇಸನ್ನೂ ನಡೆಸದವರು ಕೋರ್ಟು ಹಾಗೆ ಮಾಡಬೇಕಿತ್ತು, ಹೀಗೆ ಮಾಡಬೇಕಿತ್ತು ಎಂದು ಬರೆಯುತ್ತಾರೆ. ಮರಣದಂಡನೆ ಬಗ್ಗೆ ಒಂದೇ ಸಂಚಿಕೆಯಲ್ಲಿ ಒಬ್ಬರು ಇರಲಿ ಎಂದರು, ಇನ್ನೊಬ್ಬರು ಬೇಡವೇ ಬೇಡ ಎಂದರು. ನನ್ನಂಥವನು ಯಾರನ್ನು ನಂಬಬೇಕು? ಕೇಸು ಕೋರ್ಟಿನಲ್ಲಿ ಇರುವಾಗಲೇ ಬರೆಯುವುದು ತಪ್ಪಲ್ಲವೇ? ಇನ್ನೊಂದು ಮಾತು. ಭೂಸ್ವಾಧೀನದ ಬಗ್ಗೆ ಬರೆದವರು ಅದೇ ವ್ಯಾಜ್ಯದಲ್ಲಿ ಒಂದು ಕಡೆಯವರಿಗೆ ಸಲಹೆ ಕೊಟ್ಟವರಂತೆ. ಅದನ್ನು ನೀವು ಯಾಕೆ ಹೇಳಲಿಲ್ಲ? ನಾನು 31 ವರ್ಷ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿದವನು. ತಪ್ಪಿದ್ದರೆ ತಪ್ಪು ಎನ್ನುವುದು ಅಭ್ಯಾಸವಾಗಿಬಿಟ್ಟಿದೆ."
(ನಿವೃತ್ತ ಶಿಕ್ಷಕರು)

ಮೇಷ್ಟ್ರೇ,

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಯಾಕೆಂದರೆ ಅದರಲ್ಲಿ ತಪ್ಪು ನಮ್ಮದು. ಭೂಸ್ವಾಧೀನದ ಪರಿಹಾರದ ಬಗ್ಗೆ ಬರೆದ ಪ್ರಾಧ್ಯಾಪಕರು ಒಂದು ಕಡೆಯವರಿಗೆ ಶುಲ್ಕ ಪಡೆದು ಲಿಖಿತ ಅಭಿಪ್ರಾಯ ಕೊಟ್ಟಿದ್ದರು. ನಿಮ್ಮ ಪತ್ರ ಬಂದ ದಿನವೇ ಅವರಿಗೆ ಫೋನ್ ಮಾಡಿದೆ. ಅವರು ಮುಚ್ಚಿಡಲಿಲ್ಲ. "ನೀವು ಕೇಳಲಿಲ್ಲ, ಹೇಳಬೇಕು ಅಂತ ನನಗೂ ಹೊಳೆಯಲಿಲ್ಲ" ಎಂದರು. ಹೊಳೆಯಬೇಕಿತ್ತು. ನಾವೂ ಕೇಳಬೇಕಿತ್ತು. ಅವರ ವಾದ ಸರಿಯೇ ಇರಬಹುದು. ಆದರೆ ಓದಿದವರು ಅದನ್ನು ಪಾಠ ಹೇಳುವವರ ಮಾತು ಎಂದುಕೊಂಡು ಓದಿದರು. ಒಂದು ಕಡೆಯವರ ಮಾತು ಎಂದು ಗೊತ್ತಿದ್ದರೆ ಬೇರೆ ಥರ ಓದುತ್ತಿದ್ದರು. ಅದಕ್ಕಾಗಿ ಎಲ್ಲ ಓದುಗರ ಕ್ಷಮೆ ಕೇಳುತ್ತೇನೆ. ಈ ಸಂಚಿಕೆಯಿಂದ ಕಾನೂನಿನ ಬಗ್ಗೆ ಬರೆಯುವ ಪ್ರತಿಯೊಬ್ಬರನ್ನೂ ಮೊದಲೇ ಕೇಳುತ್ತೇವೆ: ಈ ವಿಷಯದಲ್ಲಿ ಯಾರಿಗಾದರೂ ಸಲಹೆ ಕೊಟ್ಟಿದ್ದೀರಾ? ಯಾರಿಂದಲಾದರೂ ದುಡ್ಡು ಬಂದಿದೆಯಾ? ಹೌದು ಎಂದರೆ ಅದು ಅವರ ಹೆಸರಿನ ಕೆಳಗೇ, ಲೇಖನ ಶುರುವಾಗುವ ಮೊದಲೇ ಅಚ್ಚಾಗುತ್ತದೆ.

ಇನ್ನು ನಾನು ನಿಮ್ಮ ಮಾತು ಒಪ್ಪದ ಕಡೆಗೆ ಬರುತ್ತೇನೆ.

ಒಂದು ಕೇಸನ್ನೂ ನಡೆಸದವರು ಎಂದಿರಿ. ನಿಜ, ಬಹಳ ಜನ ನಡೆಸಿಲ್ಲ. ಪೂರ್ಣಾವಧಿ ಸಂಬಳದ ಕೆಲಸದಲ್ಲಿ ಇರುವವರು ವಕೀಲಿಕೆ ಮಾಡುವಂತಿಲ್ಲ ಎಂಬುದು ಬಾರ್ ಕೌನ್ಸಿಲಿನದೇ ನಿಯಮ. ಆದರೆ ಅದನ್ನು ನೀವು ಕೊರತೆ ಎಂದು ನೋಡುತ್ತೀರಿ, ನಾನು ಅದನ್ನೇ ಅನುಕೂಲ ಎನ್ನುತ್ತೇನೆ. ಒಂದು ತೀರ್ಪು ಬಂತು ಅಂದುಕೊಳ್ಳಿ. ಬರೆದ ನ್ಯಾಯಮೂರ್ತಿಗಳು ಅದರ ಬಗ್ಗೆ ಹೊರಗೆ ಮಾತಾಡುವುದಿಲ್ಲ. ವಾದಿಸಿದ ವಕೀಲರು ಮಾತಾಡಿದರೆ ತಮ್ಮ ಕಕ್ಷಿದಾರರನ್ನು ಬಿಟ್ಟುಕೊಡುವ ಹಾಗಿಲ್ಲ. ಮಂತ್ರಿಗಳಿಗೆ ಪಕ್ಷ ಇದೆ. ವರದಿಗಾರರಿಗೆ ಇರುವುದು ಒಂದು ಗಂಟೆ, ತೀರ್ಪು ಮುನ್ನೂರು ಪುಟ. ಕೂತು ಪೂರ್ತಿ ಓದಿ, ಹಿಂದಿನ ತೀರ್ಪುಗಳ ಪಕ್ಕ ಇಟ್ಟು ನೋಡಿ, ಯಾರ ಹಂಗೂ ಇಲ್ಲದೆ ಹೇಳಬಲ್ಲವರು ಯಾರು ಉಳಿದರು ಹೇಳಿ? ಅದಕ್ಕೇ ಆ ಸಲಹೆಯ ವಿಷಯ ಮುಚ್ಚಿಹೋಗಿದ್ದು ನನಗೆ ಅಷ್ಟು ಬೇಜಾರು ತಂದದ್ದು. ಯಾರ ಹಂಗೂ ಇಲ್ಲ ಎಂಬುದೇ ಅವರ ಮಾತಿನ ಬೆಲೆ.

ಕಳೆದ ವರ್ಷದ ಒಂದು ರಾತ್ರಿ ಹೇಳುತ್ತೇನೆ. ಒಂದು ಹೊಸ ಕಾಯ್ದೆಯ ವಿರುದ್ಧದ ಅರ್ಜಿಯ ಬಗ್ಗೆ ಲೇಖನ ಇತ್ತು. ನಮ್ಮ ಡೆಸ್ಕಿನಲ್ಲಿ "ಕಾಯ್ದೆಗೆ ಸುಪ್ರೀಂ ಕೋರ್ಟ್ ತಡೆ" ಎಂದು ತಲೆಬರಹ ಕೊಟ್ಟಿದ್ದರು. ಪುಟ ಪ್ರೆಸ್ಸಿಗೆ ಹೊರಟಿತ್ತು. ಒಂಬತ್ತೂವರೆಗೆ ಲೇಖಕಿಯ ಫೋನ್ ಬಂತು. ಕಾನೂನು ಕಾಲೇಜಿನಲ್ಲಿ ಸಂವಿಧಾನ ಪಾಠ ಮಾಡುವವರು. "ಸರ್, ತಡೆ ಕೊಟ್ಟಿಲ್ಲ, ನೋಟಿಸ್ ಕೊಟ್ಟಿದೆ ಅಷ್ಟೇ. ನೋಟಿಸ್ ಅಂದರೆ ಇದಕ್ಕೆ ನೀನೇನು ಹೇಳ್ತೀಯಾ ಅಂತ ಎದುರಿನವರನ್ನು ಕೇಳೋದು. ಕಾಯ್ದೆ ಇವತ್ತೂ ಜಾರಿಯಲ್ಲಿದೆ. ನಿಮ್ಮ ತಲೆಬರಹ ನಂಬಿ ಯಾರಾದರೂ ಅದನ್ನು ಮುರಿದರೆ ನಾಳೆ ಠಾಣೆಯಲ್ಲಿ ಕೂರ್ತಾರೆ" ಎಂದರು. ಪ್ರೆಸ್ಸಿಗೆ ಹೇಳಿ ಪುಟ ನಿಲ್ಲಿಸಿದೆವು. ಒಂದೇ ಒಂದು ಪದ ಬದಲಾಯಿತು. ಆ ಒಂದು ಪದಕ್ಕಾಗಿಯೇ ಇಂಥವರು ನಮ್ಮ ಪುಟಗಳಲ್ಲಿ ಇರಬೇಕು ಎನ್ನುತ್ತೇನೆ.

ಈಗಂತೂ ಇದು ಇನ್ನೂ ಜಾಸ್ತಿ ಬೇಕಾಗಿದೆ. 2022ರ ಸೆಪ್ಟೆಂಬರ್‌ನಿಂದ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ವಿಚಾರಣೆಗಳನ್ನು ಮನೆಯಲ್ಲೇ ನೋಡಬಹುದು. ಬಹಳ ಒಳ್ಳೆಯದಾಯಿತು. ಆದರೆ ನ್ಯಾಯಮೂರ್ತಿಗಳು ವಾದ ಕೇಳುತ್ತಾ ವಕೀಲರನ್ನು ಕೆಣಕಿ ಕೇಳಿದ ಪ್ರಶ್ನೆಯೂ ಸಂಜೆಯೊಳಗೆ "ಕೋರ್ಟಿನ ತೀರ್ಮಾನ" ಆಗಿಬಿಡುತ್ತದೆ. ಬಾಯಿಮಾತಿನ ಟಿಪ್ಪಣಿ ಯಾವುದು, ಆದೇಶ ಯಾವುದು, ಆದೇಶದಲ್ಲೂ ಎಲ್ಲರಿಗೂ ಅನ್ವಯ ಆಗುವ ಸಾಲು ಯಾವುದು, ಸುಮ್ನೆ ಪ್ರಾಸಂಗಿಕವಾಗಿ ಬಂದದ್ದು ಯಾವುದು? ಇದನ್ನು ಬಿಡಿಸಿ ಹೇಳುವುದೇ ಕಾನೂನು ಮೇಷ್ಟ್ರ ದಿನನಿತ್ಯದ ಕೆಲಸ. ತರಗತಿಯಲ್ಲಿ ಅರವತ್ತು ಮಂದಿಗೆ ಹೇಳುವುದನ್ನು ಇಲ್ಲಿ ನಿಮಗೂ ನನಗೂ ಹೇಳುತ್ತಾರೆ.

ಆದರೆ ಅರ್ಥ ಬಿಡಿಸಿ ಹೇಳುವುದಷ್ಟೇ ಅವರ ಕೆಲಸ ಎಂದರೆ ನಾನು ಒಪ್ಪುವುದಿಲ್ಲ. ಕೋರ್ಟು ಎಡವಿದರೆ ಅದನ್ನೂ ಹೇಳಬೇಕು.

1972ರ ಮಾರ್ಚ್ ತಿಂಗಳು. ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯೊಳಗೆ ಒಬ್ಬ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರ ನಡೆಯಿತು ಎಂದು ದೂರು ದಾಖಲಾಯಿತು. ಮುಂದೆ ಅದು ಮಥುರಾ ಪ್ರಕರಣ ಎಂದೇ ಹೆಸರಾಯಿತು. ಆರೋಪಿಗಳು ಇಬ್ಬರು ಪೊಲೀಸರು. ಸೆಷನ್ಸ್ ಕೋರ್ಟು ಅವರನ್ನು ಬಿಟ್ಟಿತು. ಹೈಕೋರ್ಟು ಶಿಕ್ಷೆ ಕೊಟ್ಟಿತು. 1978ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಬಿಟ್ಟಿತು. ಹುಡುಗಿಯ ಮೈಮೇಲೆ ಗಾಯ ಇಲ್ಲ, ಕೂಗಿಕೊಂಡೆ ಎಂಬ ಮಾತು ನಂಬುವ ಹಾಗಿಲ್ಲ, ಹಾಗಾಗಿ ಆಕೆ ವಿರೋಧಿಸಿರಲಿಲ್ಲ. ಇದು ತೀರ್ಪಿನ ತರ್ಕ. ತೀರ್ಪು ಕಾನೂನು ವರದಿಗಳ ಸಂಪುಟದಲ್ಲಿ ಅಚ್ಚಾಯಿತು. ಊರಿಗೆಲ್ಲ ಗೊತ್ತಾಗುವ ಹಾಗೆ ಯಾರೂ ಮಾತಾಡಲಿಲ್ಲ.

1979ರ ಸೆಪ್ಟೆಂಬರ್‌ನಲ್ಲಿ ನಾಲ್ವರು ಕಾನೂನು ಅಧ್ಯಾಪಕರು ಕೂತು ಒಂದು ಪತ್ರ ಬರೆದರು. ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ವಸುಧಾ ಧಾಗಮ್ವಾರ್, ರಘುನಾಥ್ ಕೇಳ್ಕರ್. ಪತ್ರ ಭಾರತದ ಮುಖ್ಯ ನ್ಯಾಯಮೂರ್ತಿಗಳಿಗೆ, ಆದರೆ ಎಲ್ಲರೂ ಓದಲಿ ಎಂದು ಬಹಿರಂಗವಾಗಿ. ಅವರಲ್ಲಿ ಯಾರೂ ಆ ಕೇಸಿನ ವಕೀಲರಾಗಿರಲಿಲ್ಲ. ಅವರು ತೀರ್ಪು ತಪ್ಪು ಎಂದು ಕೂಗಾಡಲಿಲ್ಲ. ಸುಮ್ಮನಾಗುವುದು ಬೇರೆ, ಒಪ್ಪುವುದು ಬೇರೆ ಎಂದರು. ರಾತ್ರಿ ಹೊತ್ತು, ಠಾಣೆಯೊಳಗೆ, ಅಧಿಕಾರ ಇರುವವರ ಎದುರು ಒಬ್ಬ ಬಡ ಹುಡುಗಿ ಹೆದರಿ ಸುಮ್ಮನಾದರೆ ಅದು ಹೇಗೆ ಒಪ್ಪಿಗೆ ಆಗುತ್ತದೆ ಎಂದು ಕೇಳಿದರು. ಹೈಕೋರ್ಟು ಇದೇ ವ್ಯತ್ಯಾಸ ಗುರುತಿಸಿತ್ತು, ನೀವು ಅದನ್ನು ಯಾಕೆ ಬಿಟ್ಟಿರಿ ಎಂದರು. ಮೇಷ್ಟ್ರೇ, ನೀವು ಉತ್ತರಪತ್ರಿಕೆ ತಿದ್ದುವಾಗ ಕೊನೆಯ ಉತ್ತರಕ್ಕೆ ಬರೀ ಗೀಟು ಎಳೆದು ಬಿಡುತ್ತಿದ್ದಿರಾ? ಯಾವ ಹೆಜ್ಜೆಯಲ್ಲಿ ಲೆಕ್ಕ ತಪ್ಪಿತು ಎಂದು ಸುತ್ತು ಹಾಕುತ್ತಿದ್ದಿರಿ, ಅಲ್ವಾ? ಅವರು ಮಾಡಿದ್ದೂ ಅದನ್ನೇ.

ಆ ಕೇಸಿನಲ್ಲಿ ತೀರ್ಪು ಬದಲಾಗಲಿಲ್ಲ. ಮರುಪರಿಶೀಲನೆಯ ಅರ್ಜಿ ವಜಾ ಆಯಿತು. ಆದರೆ ಪತ್ರ ಕೈಯಿಂದ ಕೈಗೆ ಹೋಯಿತು. 1980ರಲ್ಲಿ ಮಹಿಳಾ ಸಂಘಟನೆಗಳು ಹಲವು ನಗರಗಳಲ್ಲಿ ಬೀದಿಗಿಳಿದವು. 1983ರಲ್ಲಿ ಸಂಸತ್ತು ಕಾನೂನು ತಿದ್ದಿತು. ಪೊಲೀಸರ ವಶದಲ್ಲಿ ಇದ್ದಂಥ ಪ್ರಕರಣಗಳಲ್ಲಿ, ಸಂಭೋಗ ನಡೆದದ್ದು ಸಾಬೀತಾಗಿ, ನಾನು ಒಪ್ಪಿರಲಿಲ್ಲ ಎಂದು ಮಹಿಳೆ ಕೋರ್ಟಿನಲ್ಲಿ ಹೇಳಿದರೆ, ಒಪ್ಪಿಗೆ ಇರಲಿಲ್ಲ ಎಂದೇ ಕೋರ್ಟು ಭಾವಿಸಬೇಕು ಎಂಬ 114ಎ ಕಲಂ ಸಾಕ್ಷ್ಯ ಕಾಯ್ದೆಗೆ ಸೇರಿತು. ಹೋರಾಡಿದ ಸಾವಿರಾರು ಹೆಂಗಸರ ಪಾಲು ಇದರಲ್ಲಿ ದೊಡ್ಡದು. ಆದರೆ ಎಲ್ಲಿ ತಪ್ಪಿದೆ ಎಂದು ಬೆರಳಿಟ್ಟು ತೋರಿಸಿದ್ದು ಆ ನಾಲ್ವರು.

ಎಲ್ಲ ಸಲವೂ ತಪ್ಪು ತೋರಿಸುವುದೇ ಇರುವುದಿಲ್ಲ. ಕೆಲವೊಮ್ಮೆ ಯಾರೂ ಕೇಳದ ಪ್ರಶ್ನೆಯನ್ನು ಮೊದಲು ಕೇಳುವುದೂ ಅವರೇ. 1965ರಲ್ಲಿ ಜರ್ಮನಿಯ ವಿದ್ವಾಂಸ ಡೀಟ್ರಿಶ್ ಕಾನ್ರಾಡ್ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಕಾನೂನು ವಿಭಾಗದಲ್ಲಿ ಒಂದು ಉಪನ್ಯಾಸ ಕೊಟ್ಟರು. ಸಂವಿಧಾನ ತಿದ್ದುವ ಅಧಿಕಾರ ಸಂಸತ್ತಿಗಿದೆ, ಸರಿ. ಹಾಗಾದರೆ ಜೀವಿಸುವ ಹಕ್ಕಿನ 21ನೇ ವಿಧಿಯನ್ನೇ ತೆಗೆದುಹಾಕಬಹುದಾ ಎಂದು ಕೇಳಿದರು. ಆ ವಿಚಾರವನ್ನು ವಕೀಲ ಎಂ.ಕೆ. ನಂಬಿಯಾರ್ 1967ರ ಗೋಲಕನಾಥ್ ಪ್ರಕರಣದಲ್ಲಿ ಕೋರ್ಟಿನೊಳಗೆ ತಂದರು. 1973ರ ಏಪ್ರಿಲ್ 24ರಂದು ಕೇಶವಾನಂದ ಭಾರತಿ ಪ್ರಕರಣದಲ್ಲಿ 13 ನ್ಯಾಯಮೂರ್ತಿಗಳ ಪೀಠ, 7-6ರ ಬಹುಮತದಲ್ಲಿ, ಸಂವಿಧಾನದ ಮೂಲ ಸ್ವರೂಪವನ್ನು ಮುಟ್ಟುವ ಹಾಗಿಲ್ಲ ಎಂದಿತು. ನ್ಯಾಯಮೂರ್ತಿ ಎಚ್.ಆರ್. ಖನ್ನಾ ತಮ್ಮ ತೀರ್ಪಿನಲ್ಲಿ ಕಾನ್ರಾಡ್ ಅವರ ಮಾತನ್ನು ಉಲ್ಲೇಖಿಸಿದ್ದಾರೆ. ಒಂದು ತರಗತಿಯ ಪ್ರಶ್ನೆ ಎಂಟು ವರ್ಷದಲ್ಲಿ ಅಲ್ಲಿಗೆ ಮುಟ್ಟಿತು.

ಇನ್ನು ನಿಮ್ಮ ದೊಡ್ಡ ದೂರು. ಇಬ್ಬರು ಎರಡು ಥರ ಹೇಳಿದರೆ ಯಾರನ್ನು ನಂಬುವುದು? ಮರಣದಂಡನೆಯ ಆ ಎರಡು ಲೇಖನಗಳನ್ನು ಮತ್ತೆ ತೆಗೆದು ನೋಡಿದೆ. ಇಬ್ಬರೂ 1980ರ ಬಚನ್ ಸಿಂಗ್ ತೀರ್ಪಿನಿಂದಲೇ ಶುರು ಮಾಡುತ್ತಾರೆ. ಅಪರೂಪದಲ್ಲೇ ಅಪರೂಪದ ಪ್ರಕರಣಕ್ಕೆ ಮಾತ್ರ ಗಲ್ಲು ಎಂದು ಹೇಳಿದ ತೀರ್ಪು ಅದು. ಆ ಅಳತೆಯನ್ನು ಕೋರ್ಟುಗಳು ಒಂದೇ ರೀತಿ ಬಳಸಿಲ್ಲ ಎಂದು ಇಬ್ಬರೂ ಒಪ್ಪುತ್ತಾರೆ. ಸುಪ್ರೀಂ ಕೋರ್ಟೇ ಕೆಲವು ತೀರ್ಪುಗಳಲ್ಲಿ ಅದನ್ನು ಹೇಳಿಕೊಂಡಿದೆ. ಅಲ್ಲಿಂದಾಚೆಗೆ ದಾರಿ ಬೇರೆಯಾಗುತ್ತದೆ. ಅಳತೆಗೋಲನ್ನು ಸರಿ ಮಾಡಿ ಎನ್ನುತ್ತಾರೆ ಒಬ್ಬರು. ಜೀವ ತೆಗೆಯುವ ಕಡೆ ಅಳತೆ ಒಂದು ಸಲ ತಪ್ಪಿದರೂ ತಿದ್ದಲು ಆಗುವುದಿಲ್ಲ, ಶಿಕ್ಷೆಯನ್ನೇ ಬಿಡಿ ಎನ್ನುತ್ತಾರೆ ಇನ್ನೊಬ್ಬರು. ಕಾನೂನು ಏನು ಎಂಬುದರಲ್ಲಿ ಜಗಳ ಇಲ್ಲ, ಏನಾಗಬೇಕು ಎಂಬುದರಲ್ಲಿದೆ. ಅದನ್ನು ತೀರ್ಮಾನಿಸುವ ಹಕ್ಕು ನಿಮಗೂ ಅಷ್ಟೇ ಇದೆ. ಗಣಿತದಲ್ಲಿ ಇಂಥ ಜಾಗ ಇರುವುದಿಲ್ಲ, ಕಾನೂನಿನಲ್ಲಿ ಇದೆ. ಇಬ್ಬರನ್ನೂ ಒಂದೇ ಸಂಚಿಕೆಯಲ್ಲಿ ಹಾಕಿದ್ದು ನಾನು ಬೇಕೆಂದೇ.

ಕೆಲವು ಜಗಳಗಳಲ್ಲಿ ಮಾತ್ರ ಯಾರು ಸರಿ ಎಂದು ಪರೀಕ್ಷೆ ಮಾಡಬಹುದು. ಅಮೆರಿಕದಲ್ಲಿ ಸ್ಯಾಕೋ ಮತ್ತು ವ್ಯಾನ್‌ಜೆಟ್ಟಿ ಎಂಬ ಇಬ್ಬರು ಇಟಾಲಿಯನ್ ವಲಸಿಗರಿಗೆ ಕೊಲೆ ಕೇಸಿನಲ್ಲಿ ಮರಣದಂಡನೆಯಾಗಿತ್ತು. ಹಾರ್ವರ್ಡಿನ ಕಾನೂನು ಪ್ರಾಧ್ಯಾಪಕ ಫೆಲಿಕ್ಸ್ ಫ್ರಾಂಕ್‌ಫರ್ಟರ್ 1927ರ ಮಾರ್ಚಿನಲ್ಲಿ, ಮೇಲ್ಮನವಿ ಇನ್ನೂ ತೀರ್ಮಾನವಾಗಿರದಾಗಲೇ, ವಿಚಾರಣೆ ನ್ಯಾಯವಾಗಿ ನಡೆದಿಲ್ಲ ಎಂದು ಒಂದು ಮಾಸಪತ್ರಿಕೆಯಲ್ಲಿ ಬರೆದರು. ಸಾಕ್ಷ್ಯ ಕಾನೂನಿನಲ್ಲಿ ಆ ಕಾಲದ ದೊಡ್ಡ ಹೆಸರಾದ ಜಾನ್ ವಿಗ್ಮೋರ್ ಅದನ್ನು ಖಂಡಿಸಿ ದಿನಪತ್ರಿಕೆಯಲ್ಲಿ ಬರೆದರು. ಫ್ರಾಂಕ್‌ಫರ್ಟರ್ ಹೆಸರಿಗೆ ಹೆದರಲಿಲ್ಲ, ವಿಚಾರಣೆಯ ದಾಖಲೆ ತೆಗೆದು ಒಂದೊಂದಕ್ಕೂ ಉತ್ತರ ಕೊಟ್ಟರು. ಹೆಸರು ದೊಡ್ಡದೋ, ದಾಖಲೆ ದೊಡ್ಡದೋ ಎಂದು ಓದುವವರು ತೂಗಿ ನೋಡಬಹುದಿತ್ತು. ಆ ಇಬ್ಬರ ಜೀವ ಉಳಿಯಲಿಲ್ಲ. 1927ರ ಆಗಸ್ಟ್ 23ರಂದು ಶಿಕ್ಷೆ ಜಾರಿಯಾಯಿತು. ಐವತ್ತು ವರ್ಷದ ಮೇಲೆ, 1977ರಲ್ಲಿ, ಆ ಕೇಸು ನಡೆದ ರಾಜ್ಯದ ಗವರ್ನರ್, ಆ ಇಬ್ಬರ ವಿಚಾರಣೆ ನ್ಯಾಯಯುತವಾಗಿರಲಿಲ್ಲ ಎಂದು ಘೋಷಿಸಿದರು.

ಕೇಸು ನಡೆಯುವಾಗ ಬರೆಯಬಹುದಾ ಎಂಬ ನಿಮ್ಮ ಪ್ರಶ್ನೆಗೂ ಇಲ್ಲೇ ಬರುತ್ತೇನೆ. ನಾವು ಒಂದು ಗೆರೆ ಹಾಕಿಕೊಂಡಿದ್ದೇವೆ. ವಿಚಾರಣೆ ನಡೆಯುತ್ತಿರುವಾಗ ಆರೋಪಿ ತಪ್ಪಿತಸ್ಥನೋ ಅಲ್ಲವೋ, ಯಾವ ಸಾಕ್ಷಿ ಸುಳ್ಳು ಹೇಳಿದ, ಇದನ್ನು ಯಾರು ಬರೆದರೂ ಹಾಕುವುದಿಲ್ಲ. ಅದು ಒಬ್ಬ ಮನುಷ್ಯನ ಹಣೆಬರಹದ ಪ್ರಶ್ನೆ. ಆದರೆ ಒಂದು ಕಾಯ್ದೆ ಸಂವಿಧಾನಕ್ಕೆ ಸರಿಹೊಂದುತ್ತದಾ ಎಂಬಂಥ ಪ್ರಶ್ನೆ ಎಲ್ಲರಿಗೂ ಸೇರಿದ್ದು. ಕೆಲವು ಕೇಸುಗಳು ಹತ್ತು ವರ್ಷ ನಡೆಯುತ್ತವೆ. ಅಲ್ಲಿಯವರೆಗೆ ದೇಶ ಬಾಯಿ ಮುಚ್ಚಿಕೊಂಡು ಇರಲಿ ಎನ್ನಲು ಆಗುತ್ತದೆಯೇ? ಇನ್ನು ಮುಗಿದ ಕೇಸಿನ ತೀರ್ಪನ್ನು ನ್ಯಾಯವಾಗಿ ವಿಮರ್ಶೆ ಮಾಡುವುದು ನಿಂದನೆ ಅಲ್ಲ ಎಂದು 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 5ನೇ ಕಲಮೇ ಹೇಳುತ್ತದೆ.

ಪ್ರಾಧ್ಯಾಪಕರ ಮೇಲೆ ನನಗೂ ಕೋಪ ಇದೆ, ಅದನ್ನೂ ಹೇಳಿಬಿಡುತ್ತೇನೆ. ತೆರಿಗೆ ಕಾನೂನು ಪಾಠ ಮಾಡುವವರು ಜಾಮೀನಿನ ಬಗ್ಗೆ, ಚುನಾವಣೆ ಬಗ್ಗೆ, ಕಂಡದ್ದರ ಬಗ್ಗೆಲ್ಲ ಅಷ್ಟೇ ಖಚಿತವಾಗಿ ಬರೆದು ಕಳಿಸುತ್ತಾರೆ. ಕೆಲವರು ತೀರ್ಪಿನ ಸಾರಾಂಶ ಓದಿ ಪೂರ್ತಿ ಓದಿದವರ ಹಾಗೆ ಬರೆಯುತ್ತಾರೆ. ಇಂಥವನ್ನು ವಾಪಸ್ ಕಳಿಸುತ್ತೇವೆ. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಬೇರೆ. ಒಬ್ಬ ಯುವ ಅಧ್ಯಾಪಕರು ಬಂಧನದ ಕಾರಣವನ್ನು ಬರಹದಲ್ಲಿ ಕೊಡಬೇಕಾದ ಬಗ್ಗೆ ಎಷ್ಟು ತಿಳಿಯಾಗಿ ಬರೆದಿದ್ದರು ಅಂದರೆ, ನಮ್ಮ ಡಿಟಿಪಿ ಹುಡುಗ ಅದರ ಒಂದು ಪ್ರತಿ ಮನೆಗೆ ತೆಗೆದುಕೊಂಡು ಹೋದ. ಅಚ್ಚಿಗೆ ಹೋಗುವ ದಿನ ಅಧ್ಯಾಪಕರ ಫೋನ್ ಬಂತು. "ಸರ್, ಲೇಖನ ಬೇಡ. ನನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ" ಎಂದರು. ನಾನು ಒತ್ತಾಯ ಮಾಡಲಿಲ್ಲ. ಆ ಪುಟಕ್ಕೆ ಬೇರೆ ಏನೋ ಹಾಕಿದೆವು. ನಮ್ಮಲ್ಲಿ ಇಂಥವರ ಬರಹ ಜಾಸ್ತಿಯಾಗಿದೆ ಎಂದಿರಿ. ನನಗೆ ಕಡಿಮೆ ಅನ್ನಿಸುತ್ತದೆ.

ಒಂದು ಕೆಲಸ ಕೊಡುತ್ತೇನೆ, ಬೇಡ ಎನ್ನಬೇಡಿ. ಮರಣದಂಡನೆಯ ಆ ಎರಡು ಲೇಖನಗಳ ಪ್ರತಿಯನ್ನು ಈ ಸಂಚಿಕೆಯ ಜೊತೆ ನಿಮಗೆ ಕಳಿಸಿದ್ದೇನೆ, ಪಕ್ಕದಲ್ಲಿ ಜಾಗ ಬಿಟ್ಟು. ಯಾವ ಹೆಜ್ಜೆಯಲ್ಲಿ ತಪ್ಪಿದ್ದಾರೆ ಎಂದು ಅನ್ನಿಸುತ್ತದೋ ಅಲ್ಲಿ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ವಾಪಸ್ ಕಳಿಸಿ. ಇಬ್ಬರಿಗೂ ಹೇಳಿದ್ದೇನೆ. ನೀವು ಸುತ್ತು ಹಾಕಿದ ಕಡೆಯೆಲ್ಲ ಉತ್ತರ ಬರೆದು ಕೊಡಲು ಇಬ್ಬರೂ ಒಪ್ಪಿದ್ದಾರೆ.

ಸಂಪಾದಕ