ಹಾಲಿನ ಹುಡುಗ, ಮಜ್ಜಿಗೆ ಹುಡುಗ

ಪ್ರಶ್ನೆ: ಪಕ್ಕದ ಮನೆಯವರು ವರ್ಷಾ ವರ್ಷ ತಮಿಳುನಾಡಿನ ವೇಲಾಂಕಣಿ ಚರ್ಚಿಗೆ ಹೋಗುತ್ತಾರೆ. ಈ ಸಲ ನಮ್ಮನ್ನೂ ಕರೆದಿದ್ದಾರೆ. ನಾವು ಹಿಂದೂಗಳು, ಹೋಗಬಹುದಾ? ಅಲ್ಲಿ ಯೇಸುವಿನ ತಾಯಿ ಮೇರಿ ಮಾತೆ ಕಾಣಿಸಿಕೊಂಡ ಕಥೆ ಏನು?
- ಓದುಗಿ, ಹಾಸನ

ಉತ್ತರ: ಧಾರಾಳವಾಗಿ ಹೋಗಿ ತಂಗಿ. ಕಥೆ ಕೇಳಿದರೆ ಯಾಕೆ ಅಂತ ನಿಮಗೇ ಗೊತ್ತಾಗುತ್ತದೆ.

ನಾನಿದನ್ನು ಕೇಳಿದ್ದು ನಮ್ಮವ್ವನ ಬಾಯಿಂದ. ಎರಡು ಎಮ್ಮೆ ಕಟ್ಟಿ, ಮನೆ ಮನೆಗೆ ಹಾಲು ಹಾಕಿ ನಮ್ಮನ್ನು ಓದಿಸಿದವಳು ಅವಳು. ಹಾಗಾಗಿ ಅವಳು ಹೇಳುವ ರೀತಿಯೇ ಬೇರೆ ಇತ್ತು.

16ನೇ ಶತಮಾನದ ಮಾತು. ತಮಿಳುನಾಡಿನ ಕಡಲ ದಂಡೆ. ಒಬ್ಬ ಹುಡುಗ ನಾಗಪಟ್ಟಣದ ಯಜಮಾನರ ಮನೆಗೆ ಹಾಲು ಒಯ್ಯುತ್ತಿದ್ದ. ದಾರಿಯಲ್ಲಿ ಸುಸ್ತಾಗಿ ಒಂದು ಕೊಳದ ಪಕ್ಕ ಮರದಡಿ ಮಲಗಿದ. ಕಣ್ಣು ಬಿಟ್ಟರೆ ಎದುರಿಗೆ ಮಗು ಎತ್ತಿಕೊಂಡ ಹೆಂಗಸು. ಮಗುವಿಗೆ ಹಾಲು ಕೇಳಿದಳು. ಕೊಟ್ಟ.

ಇಲ್ಲಿಗೆ ಬಂದರೆ ಅವ್ವ ಕಥೆ ನಿಲ್ಲಿಸಿಬಿಡುತ್ತಿದ್ದಳು. 'ಆಮೇಲೆ ಆ ಹುಡುಗನ ಎದೆ ಎಷ್ಟು ಹೊಡಕೊಂಡಿರಬೇಡ ಹೇಳು' ಅನ್ನುತ್ತಿದ್ದಳು. ಹಾಲು ಹಾಕುವವರಿಗೇ ಗೊತ್ತು ಆ ಕಷ್ಟ. ಅರ್ಧ ಪಾವು ಕಮ್ಮಿಯಾದರೂ ಬಾಗಿಲಲ್ಲೇ ವಿಚಾರಣೆ. ಚೆಲ್ಲಿದೆಯಾ, ಕುಡಿದೆಯಾ, ಬೇರೆ ಯಾರಿಗಾದರೂ ಮಾರಿದೆಯಾ? ಹುಡುಗ ಯಜಮಾನರ ಮುಂದೆ ತಡವಾದದ್ದಕ್ಕೂ ಹಾಲು ಕಮ್ಮಿಯಾದದ್ದಕ್ಕೂ ತಪ್ಪಾಯಿತು ಅಂದ. ಮುಚ್ಚಳ ತೆಗೆದರೆ ಮಡಕೆ ತುಂಬಿ ಹಾಲು ಉಕ್ಕುತ್ತಿತ್ತು. ಯಜಮಾನರು ಹುಡುಗನ ಜೊತೆ ಕೊಳದ ಹತ್ತಿರ ಓಡಿದರು. ಅವರಿಗೂ ಮಾತೆ ಕಾಣಿಸಿಕೊಂಡಳು ಅನ್ನುತ್ತದೆ ಐತಿಹ್ಯ. ಆ ಯಜಮಾನರು ಹಿಂದೂ. ಆ ಜಾಗವೇ ಈಗಿನ ಮಾತಾ ಕುಳಂ, ಅಂದರೆ ಮಾತೆಯ ಕೊಳ.

ಕೆಲವು ವರ್ಷ ಕಳೆದ ಮೇಲೆ ನಡುತಿಟ್ಟು ಅನ್ನುವ ದಿಬ್ಬದಲ್ಲಿ ಇನ್ನೊಬ್ಬ ಹುಡುಗ. ವಿಧವೆಯ ಮಗ, ಕಾಲು ಸ್ವಾಧೀನವಿಲ್ಲದವನು. ಆಲದ ನೆರಳಲ್ಲಿ ಕೂತು ಮಜ್ಜಿಗೆ ಮಾರುತ್ತಿದ್ದ. ಅವನ ಹತ್ತಿರವೂ ಮಾತೆ ಮಗುವಿಗೆ ಅಂತ ಮಜ್ಜಿಗೆ ಕೇಳಿದಳಂತೆ. ನಾಗಪಟ್ಟಣಕ್ಕೆ ಹೋಗಿ ಇಲ್ಲೊಂದು ಗುಡಿ ಕಟ್ಟಲು ಹೇಳು ಅಂದಾಗ ಎದ್ದು ನಡೆದ. ಮೊದಲು ಹುಲ್ಲಿನ ಗುಡಿ ಎದ್ದಿತು. ಆರೋಗ್ಯ ಮಾತೆ ಅನ್ನುವ ಹೆಸರು ನಿಂತದ್ದು ಆ ಕಾಲಿನಿಂದ.

ಮೂರನೆಯದು ಪೋರ್ಚುಗೀಸ್ ನಾವಿಕರ ಕಥೆ. ಮಕಾವ್‌ನಿಂದ ಕೊಲಂಬೋಗೆ ಹೋಗುವಾಗ ಬಿರುಗಾಳಿಗೆ ಸಿಕ್ಕಿದರು, ಹರಕೆ ಹೊತ್ತರು, ಸೆಪ್ಟೆಂಬರ್ 8ರಂದು ಇಲ್ಲಿ ದಡ ಸೇರಿದರು. ಹುಲ್ಲಿನ ಗುಡಿಯ ಜಾಗದಲ್ಲಿ ಕಲ್ಲಿನದು ಕಟ್ಟಿಸಿದರು. ಮುಂದಿನ ಸಲ ಬರುವಾಗ ಪಿಂಗಾಣಿ ತಟ್ಟೆಗಳನ್ನು ತಂದು ಒಪ್ಪಿಸಿದರು. ಹೋದಾಗ ಪೀಠದ ಬಳಿ ನೋಡಿ.

ಪ್ರಶ್ನೆ: ಇದಕ್ಕೆಲ್ಲ ದಾಖಲೆ ಇದೆಯೇ? ಕ್ಯಾಥೊಲಿಕ್ ಧರ್ಮಸಭೆ ಒಪ್ಪಿದೆಯೇ?
- ಓದುಗ, ಮೈಸೂರು

ಉತ್ತರ: ಹಾಲಿನ ಹುಡುಗನನ್ನು ಕೂರಿಸಿ ಹೇಳಿಕೆ ಬರೆದುಕೊಂಡವರು ಯಾರೂ ಇಲ್ಲ. ಬಾಯಿಂದ ಬಾಯಿಗೆ ಬಂದದ್ದು. ಫ್ರಾನ್ಸ್‌ನ ಲೂರ್ದ್ ಹಾಗಲ್ಲ. ಅಲ್ಲಿ 1858ರಲ್ಲಿ ಬರ್ನಡೆಟ್ ಅನ್ನುವ 14 ವರ್ಷದ ಹುಡುಗಿಗೆ 18 ಸಲ ಮಾತೆಯ ದರ್ಶನ ಆಯಿತು. ಪೊಲೀಸರು ವಿಚಾರಿಸಿದರು, ಪಾದ್ರಿ ಗದರಿಸಿದರು, ಕೊನೆಗೆ 1862ರಲ್ಲಿ ಬಿಷಪರು ನಂಬಲು ಯೋಗ್ಯ ಎಂದರು.

ವೇಲಾಂಕಣಿಯ ಚರ್ಚನ್ನು 1962ರಲ್ಲಿ ಪೋಪ್ 23ನೇ ಜಾನ್ ಬಸಿಲಿಕ, ಅಂದರೆ ವಿಶೇಷ ಗೌರವದ ಚರ್ಚು, ಮಾಡಿದರು. 2024ರ ಆಗಸ್ಟ್‌ನಲ್ಲಿ ವ್ಯಾಟಿಕನ್ ತಂಜಾವೂರಿನ ಬಿಷಪರಿಗೆ ಪತ್ರ ಬರೆದು ಅಲ್ಲಿನ ಭಕ್ತಿಯನ್ನು ಮೆಚ್ಚಿಕೊಂಡಿತು. ಆದರೆ ಇಂಥ ದರ್ಶನಗಳನ್ನು ನಂಬಲೇಬೇಕು ಅನ್ನುವ ಕಟ್ಟಳೆ ಕ್ಯಾಥೊಲಿಕರಿಗೂ ಇಲ್ಲ. ನನ್ನನ್ನು ಕೇಳಿದರೆ, ಹಾಲು ಕಮ್ಮಿಯಾಯಿತಲ್ಲ ಅನ್ನುವ ಆ ಹೆದರಿಕೆಯನ್ನು ಯಾರೋ ಸುಮ್ನೆ ಕೂತು ಕಟ್ಟಿರಲಾರರು. ಇದು ಪುರಾವೆ ಅಲ್ಲ, ಗೊತ್ತು. ಹಾಲು ಮಾರುವವಳ ಮಗಳ ಮಾತು ಅಂದುಕೊಳ್ಳಿ.

ಒಂದು ವಿಷಯ ಮಾತ್ರ ನನಗೆ ಸೇರುವುದಿಲ್ಲ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಬಸಿಲಿಕದೊಳಗೆ ನೀರು ನುಗ್ಗಲಿಲ್ಲ, ಪವಾಡ ಅಂತ ಕೆಲವರು ಹೇಳುತ್ತಾರೆ. ಹೊರಗೆ ದಂಡೆಯಲ್ಲಿದ್ದ ಯಾತ್ರಿಕರು, ಅಂಗಡಿಯವರು ನೂರಾರು ಜನ ಹೋದರಲ್ಲ. ಅವರ ಮನೆಯವರ ಮುಂದೆ ಈ ಮಾತು ಹೇಳಲಾದೀತಾ?

ಪ್ರಶ್ನೆ: ಮಾತೆಗೆ ಸೀರೆ ಯಾಕೆ ಉಡಿಸುತ್ತಾರೆ?
- ಓದುಗಿ, ತುಮಕೂರು

ಉತ್ತರ: ನಮ್ಮಮ್ಮ ಅಂದಮೇಲೆ ಇನ್ನೇನು ಉಡಿಸೋದು? ಬೆಂಗಳೂರಿನ ಶಿವಾಜಿನಗರದ ಬಸಿಲಿಕದಲ್ಲೂ ಸೀರೆಯೇ. ಮಾತೆ ಹೀಗೇ ಇದ್ದಳು ಅಂತ ಯಾರು ಹೇಳಬಲ್ಲರು? ಲೂರ್ದ್‌ನಲ್ಲಿ ಶಿಲ್ಪಿ ಮಾಡಿದ ಅಮೃತಶಿಲೆಯ ಪ್ರತಿಮೆ ನೋಡಿ, ನಾನು ಕಂಡವಳ ಹಾಗಿಲ್ಲ ಅಂದವಳು ಬರ್ನಡೆಟ್‌ಳೇ.

ಪ್ರಶ್ನೆ: ಯಾವಾಗ ಹೋದರೆ ಒಳ್ಳೆಯದು? ಮರಳಿನಲ್ಲಿ ಮೊಣಕಾಲ ಮೇಲೆ ನಡೆಯಲೇಬೇಕಾ?
- ಓದುಗಿ, ಕೋಲಾರ

ಉತ್ತರ: ಆಗಸ್ಟ್ 29ಕ್ಕೆ ಬಾವುಟ ಏರುತ್ತದೆ, ಸೆಪ್ಟೆಂಬರ್ 8ಕ್ಕೆ ಹಬ್ಬ. ತೇರು ನೋಡಬೇಕು ಅಂದರೆ ಆಗಲೇ ಹೋಗಿ, ಕಾವಿ ಬಟ್ಟೆ ಹಾಕಿಕೊಂಡು ನಡೆದೇ ಬರುವವರನ್ನೂ ನೋಡಬಹುದು. ಆದರೆ ಕಾಲಿಡಲು ಜಾಗ ಇರುವುದಿಲ್ಲ. ವಯಸ್ಸಾದವರಿದ್ದರೆ ಬೇರೆ ತಿಂಗಳು ವಾಸಿ. ಹರಕೆಗೆ ತೊಟ್ಟಿಲು, ಬೀಗ, ಕೈಕಾಲಿನ ಅಚ್ಚು ಎಲ್ಲ ಅಲ್ಲೇ ಅಂಗಡಿಯಲ್ಲಿ ಸಿಗುತ್ತವೆ, ಇಲ್ಲಿಂದ ಹೊರಬೇಡಿ.

ಮೊಣಕಾಲ ನಡಿಗೆ ಅವರವರ ಹರಕೆ, ಕಡ್ಡಾಯ ಅಲ್ಲ. ನನ್ನ ತಮ್ಮನ ಜ್ವರ ಬಿಟ್ಟ ವರ್ಷ ಅವ್ವ ಬಸಿಲಿಕದಿಂದ ಮಾತಾ ಕುಳಂವರೆಗೆ ಮೊಣಕಾಲಲ್ಲೇ ಬರುತ್ತೇನೆ ಅಂತ ಹೊರಟಳು. ಸೀರೆ ಎತ್ತಿ ಕಟ್ಟಿ, ಕೈಯಲ್ಲಿ ಮೇಣದ ಬತ್ತಿ. ಕಾಲು ದಾರಿ ಬಂದಳು, ಅರ್ಧ ಬಂದಳು. ಎದ್ದು ನಿಂತು ಮರಳು ಕೊಡವಿಕೊಂಡಳು. 'ನಾಡಿದ್ದು ಬೆಳಿಗ್ಗೆ ಎಮ್ಮೆ ಕೆಳಗೆ ಕುಕ್ಕರುಗಾಲಲ್ಲಿ ಕೂರಬೇಕಲ್ಲವ್ವ, ಮಂಡಿ ಬೇಕು' ಅಂತ ನನಗಲ್ಲ, ಬಸಿಲಿಕದ ಕಡೆ ತಿರುಗಿ ಹೇಳಿದಳು. ಮಿಕ್ಕ ದಾರಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದೇ ಮುಗಿಸಿದಳು.