ಬಾಯಿಯ ಬಿಳಿ ಮಚ್ಚೆಗೆ ಮಾತ್ರೆಯ ಟ್ರಯಲ್: ಅಪ್ಪ ಸಹಿ ಹಾಕಬಹುದಾ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಅಪ್ಪನ ಕೆನ್ನೆಯ ಒಳಗೆ ಬಿಳಿ ಮಚ್ಚೆ ಇದೆ, ಡಾಕ್ಟರ್ ಅದನ್ನು ಲ್ಯೂಕೋಪ್ಲೇಕಿಯಾ ಎಂದಿದ್ದಾರೆ, ಆರು ತಿಂಗಳ ಒಂದು ಮಾತ್ರೆಯ ಟ್ರಯಲ್‌ಗೆ ಸೇರುತ್ತೀರಾ ಎಂದು ಕೇಳಿದ್ದಾರೆ. ಅರ್ಧ ಜನಕ್ಕೆ ಔಷಧಿಯೇ ಇಲ್ಲದ ಮಾತ್ರೆ ಕೊಡುತ್ತಾರೆ ಎಂದು ಗೊತ್ತಾದ ಮೇಲೆ ನಿಮಗೆ ಭಯ ಶುರುವಾಗಿದೆ. 'ನಮ್ಮಪ್ಪನನ್ನು ಪ್ರಯೋಗದ ಇಲಿ ಮಾಡ್ತಾರಾ?' ಎಂದು ಕೇಳಿದ್ದೀರಿ.

ನಾನು ಓರಲ್ ಮೆಡಿಸಿನ್, ಅಂದರೆ ಬಾಯಿಯ ಕಾಯಿಲೆಗಳ ವಿಷಯ ಓದಿದವಳು. ಇಂಥ ಟ್ರಯಲ್‌ಗಳಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದೇನೆ. ಕನ್ಸೆಂಟ್ ಫಾರ್ಮ್, ಅಂದರೆ ಒಪ್ಪಿಗೆ ಪತ್ರ ಹಿಡಿದುಕೊಂಡು ರೋಗಿಯ ಎದುರು ಕೂರುವ ಕೆಲಸ ನನ್ನದಾಗಿತ್ತು. ಹಾಗಾಗಿ ನೇರವಾಗಿ ಹೇಳುತ್ತೇನೆ. ಬಯಾಪ್ಸಿ (ಮಚ್ಚೆಯ ಸಣ್ಣ ತುಂಡು ತೆಗೆದು ಮಾಡುವ ಪರೀಕ್ಷೆ) ಆಗಿದ್ದು, ಮಾತ್ರೆ ಮುಗಿದ ಮೇಲೂ ವರ್ಷಗಟ್ಟಲೆ ಅಪ್ಪನ ಬಾಯಿ ನೋಡುತ್ತಿರುತ್ತೇವೆ ಎಂದು ಅವರು ಬರೆದು ಕೊಟ್ಟರೆ ಸೇರಿಸಿ. ಖಾಲಿ ಮಾತ್ರೆಯೇ ಸಿಕ್ಕರೂ ಸೇರಿಸಿ. ಈ ಎರಡರಲ್ಲಿ ಒಂದು ಇಲ್ಲದಿದ್ದರೂ ಸಹಿ ಹಾಕಬೇಡಿ.

ಮೊದಲು ಬಯಾಪ್ಸಿ. ಲ್ಯೂಕೋಪ್ಲೇಕಿಯಾ ಎಂಬುದು ಕಣ್ಣಿಗೆ ಕಂಡದ್ದಕ್ಕೆ ಇಟ್ಟ ಹೆಸರು ಅಷ್ಟೇ. ಒರೆಸಿದರೆ ಹೋಗದ ಬಿಳಿ ಮಚ್ಚೆ, ಫಂಗಸ್ ಇಲ್ಲ, ಹಲ್ಲು ತಾಗಿ ತಾಗಿ ಆದದ್ದಲ್ಲ, ಲೈಕನ್ ಪ್ಲೇನಸ್ ಎಂಬ ಇನ್ನೊಂದು ಕಾಯಿಲೆ ಕೂಡ ಅಲ್ಲ ಎಂದು ಒಂದೊಂದನ್ನೇ ಬಿಟ್ಟುಕೊಂಡು ಬಂದ ಮೇಲೆ ಉಳಿಯುವ ಹೆಸರು ಅದು. ಒಳಗಿನ ಜೀವಕೋಶಗಳು ಹೇಗಿವೆ ಎಂದು ಆ ಹೆಸರು ಹೇಳುವುದಿಲ್ಲ. ಅದನ್ನು ಹೇಳುವುದು ಒಂದು ಸಣ್ಣ ತುಂಡು ಮಾಂಸ ಮತ್ತು ಮೈಕ್ರೋಸ್ಕೋಪು ಮಾತ್ರ. ಜೀವಕೋಶಗಳು ಹದ ತಪ್ಪಿದ್ದರೆ ರಿಪೋರ್ಟಿನಲ್ಲಿ ಡಿಸ್‌ಪ್ಲೇಸಿಯಾ ಎಂದು ಬರೆದಿರುತ್ತಾರೆ, ಅದು ಸ್ವಲ್ಪವೋ ಮಧ್ಯಮವೋ ತೀವ್ರವೋ ಎಂದೂ ಹೇಳುತ್ತಾರೆ. ಕೆಲವರಲ್ಲಿ ಬಿಳಿ ಮಚ್ಚೆ ಎಂದುಕೊಂಡು ಬಯಾಪ್ಸಿ ಮಾಡಿದ ದಿನವೇ ಅದು ಆಗಲೇ ಕ್ಯಾನ್ಸರ್ ಆಗಿದೆ ಎಂದು ಗೊತ್ತಾಗುತ್ತದೆ. ಅಂಥವರಿಗೆ ಆರು ತಿಂಗಳು ಮಾತ್ರೆ ಕೊಟ್ಟು ಕೂರಿಸಿದರೆ ಏನಾಗುತ್ತದೆ ಯೋಚಿಸಿ. ನೀಲಿ ಬಣ್ಣ ಹಚ್ಚಿ ನೋಡುವುದು, ವಿಶೇಷ ಬೆಳಕು ಬಿಟ್ಟು ನೋಡುವುದು ಎಲ್ಲ ಇದೆ. ಎಲ್ಲಿಂದ ತುಂಡು ತೆಗೆಯಬೇಕು ಎಂದು ಗುರುತಿಸಲು ಅವು ಉಪಯೋಗಕ್ಕೆ ಬರುತ್ತವೆ, ಬಯಾಪ್ಸಿಯ ಜಾಗದಲ್ಲಿ ನಿಲ್ಲುವುದಿಲ್ಲ. ಇನ್ನೊಂದು ಮಾತು: ಮಚ್ಚೆಯ ನಡುವೆ ಕೆಂಪು ಭಾಗ ಇದ್ದರೆ ತುಂಡು ಅಲ್ಲಿಂದ ತೆಗೆದಿರಬೇಕು. ಬಿಳಿಗಿಂತ ಕೆಂಪಿನಲ್ಲಿ ಅಪಾಯ ಜಾಸ್ತಿ.

ಗಾಬರಿ ಬೇಡ ಎಂದು ಕೂಡ ಹೇಳಬೇಕು. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಲ್ಯೂಕೋಪ್ಲೇಕಿಯಾ ಇರುವ ನೂರು ಜನರಲ್ಲಿ ಸುಮಾರು ಹತ್ತು ಜನರಿಗೆ ಮುಂದೆ ಕ್ಯಾನ್ಸರ್ ಬರುತ್ತದೆ, ಅದಕ್ಕೂ ಸಾಮಾನ್ಯವಾಗಿ ವರ್ಷಗಳು ಹಿಡಿಯುತ್ತವೆ. ಅಂದರೆ ಹೆಚ್ಚಿನವರಿಗೆ ಬರುವುದಿಲ್ಲ. ಆದರೆ ಆ ಹತ್ತು ಜನ ಯಾರು ಎಂದು ಮೊದಲೇ ಖಚಿತವಾಗಿ ಹೇಳುವ ಪರೀಕ್ಷೆ ನಮ್ಮ ಕೈಯಲ್ಲಿಲ್ಲ. ನಾಲಿಗೆಯ ಅಂಚು, ನಾಲಿಗೆಯ ಕೆಳಗಿನ ಜಾಗ, ಒರಟೊರಟಾದ ಅಥವಾ ಕೆಂಪು ಬೆರೆತ ಮಚ್ಚೆ, ಡಿಸ್‌ಪ್ಲೇಸಿಯಾ ಜಾಸ್ತಿ ಇರುವುದು, ಇವು ಎಚ್ಚರಿಕೆ ಹೆಚ್ಚಿಸುವ ಗುರುತುಗಳು. ಅಪ್ಪನದು ಕೆನ್ನೆಯ ಒಳಗೆ ಎಂದಿದ್ದೀರಿ, ಅದು ಸ್ವಲ್ಪ ಸಮಾಧಾನದ ವಿಷಯ.

ಈಗ ನಿಮ್ಮನ್ನು ಕಾಡುತ್ತಿರುವ ಖಾಲಿ ಮಾತ್ರೆಗೆ ಬರೋಣ. ನಾವು ಅದನ್ನು ಪ್ಲೆಸಿಬೊ ಎನ್ನುತ್ತೇವೆ. ಕ್ಯಾನ್ಸರ್ ತಡೆಯುವ ಒಳ್ಳೆಯ ಔಷಧಿ ಇದ್ದೂ ಅದನ್ನು ಅಪ್ಪನಿಗೆ ಕೊಡದೆ ಮುಚ್ಚಿಟ್ಟರೆ ಅದು ಮೋಸ. ಆದರೆ ಲ್ಯೂಕೋಪ್ಲೇಕಿಯಾ ಕ್ಯಾನ್ಸರ್ ಆಗದಂತೆ ತಡೆಯುತ್ತದೆ ಎಂದು ಸಾಬೀತಾದ ಒಂದು ಮಾತ್ರೆಯೂ ಇವತ್ತಿನವರೆಗೆ ಇಲ್ಲ. ಹಾಗಿರುವಾಗ ಖಾಲಿ ಮಾತ್ರೆ ಸಿಕ್ಕವರು ಕಳೆದುಕೊಳ್ಳುವುದು ಏನು? ಕೆಲವು ಸಲ ಅವರೇ ಗೆದ್ದಿದ್ದಾರೆ.

1986ರಲ್ಲಿ ಪ್ರಕಟವಾದ ಒಂದು ಟ್ರಯಲ್ ಇದೆ. ವಿಟಮಿನ್ ಎ ಜಾತಿಯ ಔಷಧಿಯನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಿದ್ದರು. ಇದ್ದದ್ದು ಬರೀ 44 ಜನ. ಔಷಧಿ ತೆಗೆದುಕೊಂಡವರಲ್ಲಿ ಶೇ. 67ರಷ್ಟು ಜನರ ಮಚ್ಚೆ ಕುಗ್ಗಿತು, ಪ್ಲೆಸಿಬೊ ತೆಗೆದುಕೊಂಡವರಲ್ಲಿ ಶೇ. 10 ಮಾತ್ರ. ದೊಡ್ಡ ಗೆಲುವು ಅನಿಸುತ್ತದೆ ಅಲ್ವಾ? ಔಷಧಿ ನಿಲ್ಲಿಸಿದ ಎರಡು ಮೂರು ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಮಚ್ಚೆ ಮತ್ತೆ ಬಂತು. ಅಡ್ಡ ಪರಿಣಾಮಗಳೂ ಜೋರಾಗಿದ್ದವು. ಆಮೇಲೆ ಎರ್ಲೋಟಿನಿಬ್ ಎಂಬ ಕ್ಯಾನ್ಸರ್ ಮಾತ್ರೆಯನ್ನು ಹೆಚ್ಚು ಅಪಾಯದ ಮಚ್ಚೆ ಇರುವ 150 ಜನರಲ್ಲಿ ಪರೀಕ್ಷಿಸಿದರು, 2016ರಲ್ಲಿ ಫಲಿತಾಂಶ ಬಂತು. ಮೂರು ವರ್ಷ ಕಳೆದಾಗ ಕ್ಯಾನ್ಸರ್ ಬಾರದೆ ಉಳಿದವರು ಔಷಧಿಯ ಗುಂಪಿನಲ್ಲಿ ಶೇ. 70, ಪ್ಲೆಸಿಬೊ ಗುಂಪಿನಲ್ಲಿ ಶೇ. 74. ಅಂದರೆ ಲಾಭ ಕಾಣಲಿಲ್ಲ, ಚರ್ಮದ ಮೇಲೆ ದದ್ದು ಎದ್ದು ಕಷ್ಟಪಟ್ಟವರು ಮಾತ್ರ ಔಷಧಿಯ ಗುಂಪಿನಲ್ಲೇ ಹೆಚ್ಚು.

ನಾನು ಯಾವಾಗಲೂ ಎಲ್ಲರಿಗೂ ಹೇಳುವುದು ಅರಿಶಿನದ ಟ್ರಯಲ್ ಬಗ್ಗೆ. ಅರಿಶಿನದೊಳಗಿನ ಕರ್ಕ್ಯುಮಿನ್ ಅನ್ನು ದಿನಕ್ಕೆ 3.6 ಗ್ರಾಂನಂತೆ ಆರು ತಿಂಗಳು ಕೊಟ್ಟರು. ಒಟ್ಟು 223 ಜನ ಇದ್ದರು, ಇದೂ 2016ರಲ್ಲೇ ಪ್ರಕಟವಾಯಿತು. ಮಚ್ಚೆ ಕುಗ್ಗಿದ್ದು ಕರ್ಕ್ಯುಮಿನ್ ಗುಂಪಿನಲ್ಲಿ ಶೇ. 67.5, ಪ್ಲೆಸಿಬೊ ಗುಂಪಿನಲ್ಲಿ ಶೇ. 55.3. ಎರಡನೆಯ ಸಂಖ್ಯೆಯನ್ನು ಇನ್ನೊಮ್ಮೆ ನೋಡಿ. ಖಾಲಿ ಮಾತ್ರೆ ನುಂಗಿದವರಲ್ಲೂ ಅರ್ಧಕ್ಕಿಂತ ಹೆಚ್ಚು ಜನರ ಮಚ್ಚೆ ಚಿಕ್ಕದಾಯಿತು! ಪ್ಲೆಸಿಬೊ ಗುಂಪು ಇಲ್ಲದೆ ಈ ಅಧ್ಯಯನ ಮಾಡಿದ್ದರೆ ಆ ಪೂರ್ತಿ ಶೇ. 67.5 ಅರಿಶಿನದ್ದೇ ಎಂದು ನಾವೆಲ್ಲ ನಂಬಿಬಿಡುತ್ತಿದ್ದೆವು. ಅದಕ್ಕಿಂತ ಮುಖ್ಯವಾದದ್ದು, ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಕಣ್ಣಿಗೆ ಕಾಣುವ ಮಚ್ಚೆ ಒಂದು ಕಥೆ ಹೇಳಿತು, ಒಳಗಿನ ಜೀವಕೋಶಗಳು ಇನ್ನೊಂದು ಹೇಳಿದವು.

ಖಾಲಿ ಮಾತ್ರೆಯಿಂದ ಯಾಕೆ ಕುಗ್ಗುತ್ತದೆ? ನಾನು ಕಂಡಿದ್ದು ಹೇಳುತ್ತೇನೆ. ಟ್ರಯಲ್‌ಗೆ ಸೇರಿದ ಮನುಷ್ಯ ತಂಬಾಕು ಬಿಡಲು ನಿಜವಾಗಿ ಪ್ರಯತ್ನಿಸುತ್ತಾನೆ, ಯಾಕೆಂದರೆ ತಿಂಗಳಿಗೊಮ್ಮೆ ಒಬ್ಬರು ಕೇಳುವವರಿದ್ದಾರೆ. ಕೆನ್ನೆಗೆ ಉಜ್ಜುತ್ತಿದ್ದ ಚೂಪಾದ ಹಲ್ಲನ್ನು ನಾವು ಮೊದಲ ದಿನವೇ ನಯ ಮಾಡಿರುತ್ತೇವೆ. ಬಾಯಿ ಸ್ವಚ್ಛವಾಗುತ್ತದೆ. ಕೆಲವು ಮಚ್ಚೆಗಳು ತಾವಾಗಿಯೇ ಹಿಗ್ಗುತ್ತವೆ, ಕುಗ್ಗುತ್ತವೆ. ಇದೆಲ್ಲ ಎರಡೂ ಗುಂಪಿಗೆ ಸಮಾನವಾಗಿ ಸಿಗುತ್ತದೆ, ನಿಮ್ಮ ಅಪ್ಪನಿಗೂ ಸಿಗುತ್ತದೆ.

ಇಲ್ಲಿ ಒಂದು ಘಟನೆ ಹೇಳಲೇಬೇಕು. ಈಗಲೂ ನೆನಪಾದರೆ ಸಂಕಟವಾಗುತ್ತದೆ. ನಾನು ಕೆಲಸ ಮಾಡಿದ ಒಂದು ಅಧ್ಯಯನದಲ್ಲಿ ಒಬ್ಬರು ಇದ್ದರು, ಒಂದು ಭೇಟಿಯನ್ನೂ ತಪ್ಪಿಸುತ್ತಿರಲಿಲ್ಲ. ಐದನೇ ತಿಂಗಳಿಗೆ ಅವರ ಮಚ್ಚೆ ಹೆಚ್ಚುಕಡಿಮೆ ಮಾಯವಾಗಿತ್ತು. ಆರು ತಿಂಗಳ ಕೊನೆಯ ಭೇಟಿಯಲ್ಲಿ ಕೈ ಮುಗಿದು ಹೋದರು, ನಾವೂ ಖುಷಿಯಿಂದ ಕಳಿಸಿದೆವು. ಫಾರ್ಮಿನಲ್ಲಿ ಇದ್ದದ್ದು ಆರು ತಿಂಗಳು ಮಾತ್ರ. ಆಮೇಲೆ ಯಾರು ಫೋನ್ ಮಾಡಬೇಕು, ಎಷ್ಟು ದಿನಕ್ಕೊಮ್ಮೆ ಬಾಯಿ ನೋಡಬೇಕು ಎಂದು ಅದರಲ್ಲಿ ಬರೆದಿರಲಿಲ್ಲ. ವರ್ಷದ ಮೇಲೆ ಅವರು ವಾಪಸ್ ಬಂದಾಗ ಅದೇ ಬದಿಯಲ್ಲಿ ಗಟ್ಟಿಯಾದ ಹುಣ್ಣು ಇತ್ತು, ಕುತ್ತಿಗೆಯಲ್ಲಿ ಗಂಟು ಕೈಗೆ ಸಿಗುತ್ತಿತ್ತು. 'ಮಚ್ಚೆ ಹೋಯ್ತಲ್ಲ, ಕಾಯಿಲೆನೂ ಹೋಯ್ತು ಅಂದ್ಕೊಂಡೆ' ಎಂದರು. ನಮ್ಮ ಲೆಕ್ಕದ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ 'ಪೂರ್ತಿ ಗುಣ' ಎಂದು ಬರೆದಿತ್ತು, ಬರೆದಿದ್ದು ನಾನೇ. ಮಚ್ಚೆ ಕುಗ್ಗುವುದು ಬೇರೆ, ಕ್ಯಾನ್ಸರ್ ತಪ್ಪುವುದು ಬೇರೆ ಎಂದು ನನಗೆ ಪುಸ್ತಕಕ್ಕಿಂತ ಚೆನ್ನಾಗಿ ಕಲಿಸಿದ್ದು ಅವರು. ಮಾತ್ರೆ ಮುಗಿದ ಮೇಲೆ ಏನು ಎಂದು ನಾನು ಹಟ ಹಿಡಿದು ಕೇಳುವುದು ಅದಕ್ಕೇ.

ಬಾಯಿಯನ್ನು ಸುಮ್ನೆ ನೋಡುತ್ತಿದ್ದರೆ ಜೀವ ಉಳಿಯುತ್ತದಾ ಎಂದು ನೀವು ಕೇಳಬಹುದು. ಇದನ್ನೂ ಒಂದು ದೊಡ್ಡ ಟ್ರಯಲ್‌ನಲ್ಲಿ ನೋಡಿದ್ದಾರೆ. ಕೇರಳದ ತಿರುವನಂತಪುರದ 13 ಪಂಚಾಯಿತಿಗಳನ್ನು 1996ರಲ್ಲಿ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. 35 ವರ್ಷ ದಾಟಿದ ಸುಮಾರು 1.9 ಲಕ್ಷ ಜನ. ಏಳು ಪಂಚಾಯಿತಿಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆ ಮನೆಗೆ ಹೋಗಿ ಬಾಯಿ ನೋಡಿದರು, ಕೆಲವು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ನೋಡಿದರು. ಅವರು ಡಾಕ್ಟರ್‌ಗಳಲ್ಲ. 2005ರಲ್ಲಿ ಫಲಿತಾಂಶ ಬಂದಾಗ, ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಮೂರರಲ್ಲಿ ಒಂದರಷ್ಟು ಕಡಿಮೆಯಾಗಿತ್ತು. ಅಭ್ಯಾಸ ಇಲ್ಲದವರನ್ನೂ ಸೇರಿಸಿ ಒಟ್ಟು ನೋಡಿದರೆ ವ್ಯತ್ಯಾಸ ಖಚಿತ ಎನ್ನುವಷ್ಟು ಇರಲಿಲ್ಲ, ಅದನ್ನೂ ಹೇಳುವುದು ನ್ಯಾಯ. 15 ವರ್ಷದ ನಂತರವೂ ಅಭ್ಯಾಸ ಇದ್ದವರಲ್ಲಿ ಲಾಭ ಉಳಿದಿತ್ತು, ಎಲ್ಲ ಸುತ್ತಿಗೂ ತಪ್ಪದೆ ಬಂದವರಲ್ಲಿ ಅದು ಇನ್ನೂ ದೊಡ್ಡದಾಗಿತ್ತು. ತಪ್ಪದೆ ಬರುವವರು ಆರೋಗ್ಯದ ಬಗ್ಗೆ ಮೊದಲೇ ಕಾಳಜಿ ಇರುವವರು ಎಂದು ಕೊಂಚ ಕಳೆದುಕೊಂಡು ನೋಡಿದರೂ ನನಗೆ ಅದು ಸಣ್ಣ ವಿಷಯ ಅನಿಸುವುದಿಲ್ಲ. ಒಳ್ಳೆಯ ಬೆಳಕು, ತಿಳಿದ ಕಣ್ಣು, ಮತ್ತೆ ಮತ್ತೆ ನೋಡುವುದು. ಸರಿಯಾಗಿ ನಡೆಯುವ ಟ್ರಯಲ್‌ನಲ್ಲಿ ಅಪ್ಪನಿಗೆ ಇದು ಸಿಗುತ್ತದೆ. ಹೊರಗಿದ್ದರೆ ಮಚ್ಚೆ ಇರುವವರಲ್ಲಿ ಎಷ್ಟು ಜನ ಮೂರು ತಿಂಗಳಿಗೊಮ್ಮೆ ತಾವಾಗಿ ತೋರಿಸಿಕೊಳ್ಳುತ್ತಾರೆ? ನಾನು ನೋಡಿದ ಮಟ್ಟಿಗೆ ತುಂಬಾ ಕಡಿಮೆ.

ಇನ್ನು ಪ್ರಯೋಗದ ಇಲಿ ಎಂಬ ಮಾತು. ಅದು ನನಗೂ ನೋವಾಗುವ ಮಾತು, ಆದರೆ ಆ ಭಯ ಸುಳ್ಳಲ್ಲ. ಹಿಂದೆ ಒಪ್ಪಿಗೆ ಕೇಳದೆ ಜನರ ಮೇಲೆ ಪ್ರಯೋಗ ಮಾಡಿದ್ದಾರೆ. ಅದಕ್ಕಾಗಿಯೇ 1964ರಲ್ಲಿ ಹೆಲ್ಸಿಂಕಿ ಘೋಷಣೆ ಎಂಬ, ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆಯ ನೀತಿ ಬಂತು, ಟ್ರಯಲ್ ನ್ಯಾಯವಾಗಿದೆಯಾ ಎಂದು ನೋಡುವ ಎಥಿಕ್ಸ್ ಕಮಿಟಿಗಳು ಬಂದವು. ಟ್ರಯಲ್ ನಡುವೆ ಲೆಕ್ಕ ನೋಡುವ ಬೇರೆ ತಂಡವೂ ಇರುತ್ತದೆ. ಅದು ಹೇಗೆ ಕೆಲಸ ಮಾಡುತ್ತದೆ ಎನ್ನಲು ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಒಂದು ಟ್ರಯಲ್ ಒಳ್ಳೆಯ ಉದಾಹರಣೆ. ಬಾಯಿ ಕ್ಯಾನ್ಸರ್ ಸಣ್ಣದಿದ್ದು ಕುತ್ತಿಗೆಯಲ್ಲಿ ಗಂಟು ಸಿಗದಿದ್ದಾಗ, ಕುತ್ತಿಗೆಯ ಗ್ರಂಥಿಗಳನ್ನು ಮೊದಲ ಆಪರೇಷನ್‌ನಲ್ಲೇ ತೆಗೆಯಬೇಕಾ, ಗಂಟು ಕಾಣಿಸಿಕೊಂಡ ಮೇಲೆ ತೆಗೆದರೆ ಸಾಕಾ ಎಂದು ಸರ್ಜನ್‌ಗಳು ದಶಕಗಳ ಕಾಲ ಜಗಳವಾಡಿದ್ದರು. 2004ರಿಂದ 2014ರವರೆಗೆ 596 ರೋಗಿಗಳು ಸೇರಿದರು. ಲೆಕ್ಕ ನೋಡುವ ತಂಡಕ್ಕೆ ವ್ಯತ್ಯಾಸ ಸ್ಪಷ್ಟವಾದ ಕೂಡಲೇ ಅಂದುಕೊಂಡಷ್ಟು ಜನರನ್ನು ಸೇರಿಸುವ ಮೊದಲೇ ನಿಲ್ಲಿಸಿದರು. ಮೂರು ವರ್ಷದ ಹೊತ್ತಿಗೆ ಬದುಕಿದ್ದವರು, ಮೊದಲೇ ತೆಗೆದ ಗುಂಪಿನಲ್ಲಿ ಶೇ. 80, ಕಾದ ಗುಂಪಿನಲ್ಲಿ ಶೇ. 67.5. ಇವತ್ತು ಎಷ್ಟೋ ದೇಶಗಳ ಸರ್ಜನ್‌ಗಳು ಈ ಫಲಿತಾಂಶ ನೋಡಿ ನಿರ್ಧಾರ ಮಾಡುತ್ತಾರೆ. ಆ 596 ಜನ ಸಹಿ ಹಾಕದೇ ಇದ್ದಿದ್ದರೆ ಆ ಜಗಳ ಇನ್ನೂ ನಡೆಯುತ್ತಲೇ ಇರುತ್ತಿತ್ತೇನೋ, ನಡುವೆ ಹೋಗುವುದು ರೋಗಿಗಳ ಜೀವ.

ಹೋಗಿ ಏನು ಕೇಳಬೇಕು ಎಂದರೆ, ಮೊದಲು ಕನ್ಸೆಂಟ್ ಫಾರ್ಮ್ ಮನೆಗೆ ಕೊಡಿ ಎನ್ನಿ. ಕೊಡದಿದ್ದರೆ, ಈಗಲೇ ಸಹಿ ಹಾಕಿ ಎಂದು ಅವಸರ ಮಾಡಿದರೆ, ಎದ್ದು ಬನ್ನಿ. ಫಾರ್ಮು ಅಪ್ಪನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಗೆಲುವು ಎಂದು ಯಾವುದನ್ನು ಎಣಿಸುತ್ತೀರಿ, ಮಚ್ಚೆಯ ಅಳತೆಯನ್ನೋ, ಬಯಾಪ್ಸಿಯನ್ನೋ, ಕ್ಯಾನ್ಸರ್ ಬಾರದಿರುವುದನ್ನೋ ಎಂದು ಕೇಳಿ. ಬರೀ ಅಳತೆ ಎಂದರೆ ಟ್ರಯಲ್ ಕೆಟ್ಟದ್ದು ಎಂದಲ್ಲ, ಆದರೆ ಅದರ ಉತ್ತರದ ಬೆಲೆ ಅಷ್ಟೇ. ನಡುವೆ ಮಚ್ಚೆ ಬದಲಾದರೆ ಅಪ್ಪನನ್ನು ಟ್ರಯಲ್‌ನಿಂದ ಹೊರಗೆ ತಂದು ತಕ್ಷಣ ಮತ್ತೆ ಬಯಾಪ್ಸಿ ಮಾಡುತ್ತೀರಾ, ಅವರು ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದರು ಎಂದು ಆಗ ಹೇಳುತ್ತೀರಾ, ಮಾತ್ರೆಯಿಂದ ತೊಂದರೆಯಾದರೆ ಚಿಕಿತ್ಸೆಯ ಖರ್ಚು ಯಾರದು, ಇವನ್ನೂ ಬಿಡಬೇಡಿ. ಯಾವಾಗ ಬೇಕಾದರೂ ಕಾರಣ ಹೇಳದೆ ಬಿಟ್ಟು ಬರುವ ಹಕ್ಕು ಅಪ್ಪನಿಗಿದೆ, ಬಿಟ್ಟರೆ ಮಾಮೂಲಿ ಚಿಕಿತ್ಸೆ ನಿಲ್ಲಬಾರದು. ಟ್ರಯಲ್ ಭಾರತದಲ್ಲಿ ನಡೆಯುತ್ತಿದ್ದರೆ ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿ ಪಟ್ಟಿ ಇದೆ, 2007ರಲ್ಲಿ ಶುರುವಾದದ್ದು. ಅದರ ನಂಬರ್ ಕೇಳಿ, ನೀವೇ ಆನ್‌ಲೈನ್‌ನಲ್ಲಿ ತೆರೆದು ನೋಡಬಹುದು.

ಬಯಾಪ್ಸಿಯಲ್ಲಿ ತೀವ್ರ ಡಿಸ್‌ಪ್ಲೇಸಿಯಾ ಎಂದು ಬಂದಿದ್ದರೆ ನನ್ನ ಉತ್ತರ ಬೇರೆ. ಆಗ ಮಾತ್ರೆಯ ಟ್ರಯಲ್ ಪಕ್ಕಕ್ಕಿಟ್ಟು ಮಚ್ಚೆಯನ್ನು ತೆಗೆಸುವ ಬಗ್ಗೆ ಮೊದಲು ಮಾತಾಡಿ. ತೆಗೆಸಿದ ಮೇಲೂ ನೋಡಿಸುತ್ತಿರಬೇಕು, ಅದು ಮತ್ತೆ ಬರಬಹುದು, ಬಾಯಿಯ ಇನ್ನೊಂದು ಕಡೆಯಲ್ಲೂ ಬರಬಹುದು.

ಟ್ರಯಲ್ ಸೇರಲಿ ಬಿಡಲಿ, ತಂಬಾಕು ಮತ್ತು ಅಡಿಕೆ ಎರಡೂ ನಿಲ್ಲಬೇಕು. ತಂಬಾಕಿಲ್ಲದ ಬರೀ ಅಡಿಕೆ ಏನೂ ಮಾಡಲ್ಲ ಎಂದು ಜನ ಅಂದುಕೊಂಡಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಎರಡು ವಾರ ಕಳೆದರೂ ಮಾಯದ ಹುಣ್ಣು, ಮಚ್ಚೆಯಲ್ಲಿ ಗಟ್ಟಿತನ ಅಥವಾ ಕೆಂಪು, ಬಾಯಿ ತೆರೆಯಲು ಬಿಗಿ, ತುಟಿ ಅಥವಾ ನಾಲಿಗೆಯಲ್ಲಿ ಜೋಮು, ಕುತ್ತಿಗೆಯಲ್ಲಿ ಗಂಟು, ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಭೇಟಿಯ ತಾರೀಖಿಗೆ ಕಾಯಬೇಡಿ.

ಬಯಾಪ್ಸಿ ರಿಪೋರ್ಟ್ ಬಂದಿದ್ದರೆ ಹೆಸರು, ನಂಬರ್ ಎಲ್ಲ ತೆಗೆದು ಅದರಲ್ಲಿ ಬರೆದಿರುವ ಸಾಲುಗಳನ್ನು ಇಲ್ಲೇ ಕೆಳಗೆ ಹಾಕಿ. ಪ್ರತಿ ಪದದ ಅರ್ಥ ಏನೆಂದು ಬಿಡಿಸಿ ಹೇಳುತ್ತೇನೆ, ಅದನ್ನು ಇಟ್ಟುಕೊಂಡು ನಿಮ್ಮ ಡಾಕ್ಟರ್ ಹತ್ತಿರ ಕೂತು ಮಾತಾಡಿ.