ಹೋಗುವವರು ಹೋಗಲಿ, ಬೀಗದ ಕೈ ಇಲ್ಲೇ ಇರಲಿ

ಪ್ರಶ್ನೆ: ಪುಣೆಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ 40 ಜನರ ಕನ್ನಡ ಬಳಗ ನಮ್ಮದು. ಪ್ರತಿ ಜನವರಿಯಲ್ಲಿ ಕೊನೆ ವರ್ಷದವರು ಇಂಟರ್ನ್‌ಶಿಪ್‌ಗೆಂದು ಚಾಕಣ, ಹಿಂಜವಡಿ, ಬೆಂಗಳೂರು ಅಂತ ಚದುರಿಹೋಗುತ್ತಾರೆ. ಈ ಸಲ ಸೆಪ್ಟೆಂಬರ್‌ನಲ್ಲೇ ಇಬ್ಬರು ಒಂದು ಸೆಮಿಸ್ಟರ್ ಓದಲು ಜರ್ಮನಿಗೆ ಹೋದರು. ಅಲ್ಲಿಗೆ ಬಳಗವೇ ಮಲಗಿತು. ಏನು ಮಾಡೋಣ?
— ಓದುಗರೊಬ್ಬರು, ಕರ್ವೆನಗರ

ಉತ್ತರ: ಮೊದಲು ಒಂದು ಪರೀಕ್ಷೆ ಮಾಡಿ. ಬಳಗದ ಇಮೇಲ್‌ನಲ್ಲಿ ‘ಪಾಸ್‌ವರ್ಡ್ ಮರೆತಿದೆ’ ಎಂದು ಒತ್ತಿದರೆ ಓಟಿಪಿ ಯಾರ ಮೊಬೈಲಿಗೆ ಹೋಗುತ್ತದೆ? ಜರ್ಮನಿಗೆ ಹೋದವರ ಇಲ್ಲಿನ ಸಿಮ್ಮಿಗೆ ಎಂದಾದರೆ, ನಿಮ್ಮ ಬಳಗವೂ ಅವರ ಸೂಟ್‌ಕೇಸಿನಲ್ಲೇ ಹೋಗಿದೆ. ರೋಮಿಂಗ್ ಹಾಕಿಸದ ಸಿಮ್ಮಿಗೆ ಅಲ್ಲಿ ಎಸ್ಸೆಮ್ಮೆಸ್ ಬರುವುದಿಲ್ಲ. ಪ್ರೀಪೇಯ್ಡ್ ನಂಬರನ್ನು 90 ದಿನ ಬಳಸದೆ ಬಿಟ್ಟರೆ ರದ್ದಾಗಬಹುದು, ಆಮೇಲೆ ಅದು ಇನ್ಯಾರದೋ ಕೈಗೆ. ವಾಟ್ಸಾಪ್‌ನಲ್ಲಿ ಅಡ್ಮಿನ್ ಒಬ್ಬರೇ ಇದ್ದು ಅವರು ಗ್ರೂಪ್ ಬಿಟ್ಟರೆ, ಉಳಿದವರಲ್ಲಿ ಯಾರೋ ಒಬ್ಬರು ತಾವಾಗಿಯೇ ಅಡ್ಮಿನ್ ಆಗುತ್ತಾರೆ. ಯಾರೋ ಎಂದರೆ ನಿಜಕ್ಕೂ ಯಾರೋ. ವರ್ಷದಿಂದ ಗ್ರೂಪನ್ನು ಮ್ಯೂಟ್ ಮಾಡಿಟ್ಟವರೂ ಆಗಬಹುದು.

ಅಡ್ಮಿನ್‌ಗಳು 3 ಜನ ಇರಲಿ: ಎರಡನೇ ವರ್ಷದವರೊಬ್ಬರು, ಮೂರನೇ ವರ್ಷದವರೊಬ್ಬರು, ಪುಣೆಯಲ್ಲೇ ಮನೆಯಿರುವವರೊಬ್ಬರು. ಇಮೇಲ್‌ಗೆ ಕೊಡುವ ನಂಬರು ಎರಡನೇ ವರ್ಷದವರದ್ದಾಗಲಿ. ಅದನ್ನು ಬದಲಿಸುವ ದಿನ ಹಳಬರೂ ಹೊಸಬರೂ ಒಂದೇ ಕೋಣೆಯಲ್ಲಿ ಕೂರಬೇಕು, ಏಕೆಂದರೆ ಹಳೆ ನಂಬರಿಗೇ ಒಮ್ಮೆ ಓಟಿಪಿ ಹೋಗಬಹುದು. ವಿಮಾನ ಹತ್ತಿದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ದುಡ್ಡಿನದೂ ಇದೇ ಗೋಳು. ನೋಂದಣಿಯಾಗದ ಬಳಗದ ಹೆಸರಲ್ಲಿ ಬ್ಯಾಂಕ್ ಖಾತೆ ತೆರೆಯುವುದು ಕಷ್ಟ, ಹಾಗಾಗಿ ವಂತಿಗೆಯೆಲ್ಲ ಒಬ್ಬರ ಯುಪಿಐಗೆ ಬೀಳುತ್ತದೆ. ಅವರಿಗೆ ಸ್ಟೈಪೆಂಡ್ ಬರಲು ಶುರುವಾದ ಮೇಲೆ ಯಾವುದು ಬಳಗದ ದುಡ್ಡು, ಯಾವುದು ಸ್ವಂತದ್ದು ಎಂದು ಅವರಿಗೇ ತಿಳಿಯದು. ಹೊರಡುವ ವಾರದಲ್ಲೇ ಉಳಿದದ್ದನ್ನು ಮುಂದಿನವರಿಗೆ ಕಳಿಸಿ, ಅದರ ಸ್ಕ್ರೀನ್‌ಶಾಟನ್ನು ಗ್ರೂಪಿಗೆ ಹಾಕಲಿ. ಕಾರ್ಯಕ್ರಮ ಮುಗಿದ ಮೇಲೆ 5,000 ರೂಪಾಯಿಗಿಂತ ಹೆಚ್ಚು ಕೂಡಿಡಬೇಡಿ.

ಎಲ್ಲಕ್ಕಿಂತ ದೊಡ್ಡ ತಪ್ಪು ನಿಮ್ಮ ಕ್ಯಾಲೆಂಡರಿನಲ್ಲಿದೆ. ಜೂನ್‌ನಿಂದ ಜೂನ್‌ಗೆ ಹೊಣೆ ಕೊಟ್ಟು ಕೊನೆ ವರ್ಷದವರನ್ನೇ ಮುಂದಾಳು ಮಾಡಿದರೆ, ಅರ್ಧ ದಾರಿಯಲ್ಲಿ ಅವರು ಇರುವುದಿಲ್ಲ. ಜನವರಿಯಿಂದ ಡಿಸೆಂಬರ್‌ಗೆ ಕೊಡಿ. ಆರನೇ ಸೆಮಿಸ್ಟರಿನಲ್ಲಿ ಹೊಣೆ ಹೊತ್ತವರು ಏಳನೆಯದರಲ್ಲಿ ಇಳಿಸುತ್ತಾರೆ, ನವೆಂಬರ್ 1ರ ರಾಜ್ಯೋತ್ಸವ ಅವರ ಕೊನೆಯ ದೊಡ್ಡ ಕೆಲಸ. ಎಂಟನೆಯದರಲ್ಲಿ ಅವರು ಚಾಕಣದಲ್ಲಿದ್ದರೇನು, ಎಲ್ಲಿದ್ದರೇನು! ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್‌ನಲ್ಲಿ ಶುರು. ಆದ್ದರಿಂದ ಹೊಣೆ ಕೊಡುವ ಮುನ್ನ ‘ಅಕ್ಟೋಬರ್‌ನಲ್ಲಿ ಇಲ್ಲೇ ಇರ್ತೀಯಾ?’ ಎಂದು ನೇರವಾಗಿ ಕೇಳಿಬಿಡಿ. ಪ್ರತಿ ಕೆಲಸಕ್ಕೂ ಒಂದು ವರ್ಷ ಕಿರಿಯರಾದ ಜೊತೆಗಾರರೊಬ್ಬರು ಇರಲೇಬೇಕು.

ಪ್ರಶ್ನೆ: ಹೊರಗಿರುವ ಗೆಳೆಯರನ್ನು ತಿಂಗಳಿಗೊಮ್ಮೆ ಆನ್‌ಲೈನ್‌ನಲ್ಲಿ ಸೇರಿಸುತ್ತೇವೆ. ಇಬ್ಬರೋ ಮೂವರೋ ಬರುತ್ತಾರೆ.
— ಓದುಗರೊಬ್ಬರು, ವಾರಜೆ

ಉತ್ತರ: ರಾತ್ರಿ 9ಕ್ಕೆ ಕರೆಯುತ್ತಿರಬೇಕು. ಭಾನುವಾರ ಸಂಜೆ 6:30ಕ್ಕೆ ಇಟ್ಟು ನೋಡಿ. ಚಳಿಗಾಲದಲ್ಲಿ ಆಗ ಜರ್ಮನಿಯಲ್ಲಿ ಮಧ್ಯಾಹ್ನ 2, ನ್ಯೂಯಾರ್ಕ್ ಕಡೆ ಬೆಳಿಗ್ಗೆ 8. ಕ್ಯಾಲಿಫೋರ್ನಿಯಾದಲ್ಲಿ ನಸುಕಿನ 5, ಅವರನ್ನು ಬಿಟ್ಟುಬಿಡಿ ಪಾಪ. ಭೋಸರಿ ಕಡೆಯ ಎಷ್ಟೋ ಸಣ್ಣ ಕಾರ್ಖಾನೆಗಳಿಗೆ ವಾರದ ರಜೆ ಗುರುವಾರ. ಅಲ್ಲಿ ತರಬೇತಿಯಲ್ಲಿರುವವರು ಭಾನುವಾರ ಬರಲಿಲ್ಲವೆಂದು ಮುನಿಯಬೇಡಿ. ‘ಹೇಗಿದ್ದೀರಿ’ ಎಂದು ಕೇಳಲು ಸಭೆ ಕರೆದರೆ ಎರಡನೇ ಸಲ ಯಾರೂ ಬರುವುದಿಲ್ಲ. ಕೆಲಸವಿಟ್ಟು ಕರೆಯಿರಿ: ಮೂರನೇ ವರ್ಷದವರ ರೆಸ್ಯೂಮೆ ತಿದ್ದುವುದು, ವೀಸಾ ಕಾಗದಪತ್ರ ವಿವರಿಸುವುದು. 40 ನಿಮಿಷ ಸಾಕು.

ಪ್ರಶ್ನೆ: ನಾವು ಮೂವರು ಹುಡುಗರು 11 ತಿಂಗಳ ಕರಾರಿನ ಮೇಲೆ ಫ್ಲ್ಯಾಟ್ ಹಿಡಿದಿದ್ದೇವೆ. ಒಬ್ಬ 6 ತಿಂಗಳು ಚಾಕಣದಲ್ಲೇ ಇರುತ್ತಾನೆ. ಆ ಜಾಗಕ್ಕೆ ಬೇರೆಯವನನ್ನು ಸೇರಿಸಬಹುದೇ?
— ಓದುಗರೊಬ್ಬರು, ಕೊಥ್ರೂಡ್

ಉತ್ತರ: ಸುಮ್ಮನೆ ಸೇರಿಸಿಕೊಂಡರೆ ಸಿಕ್ಕಿಬೀಳುತ್ತೀರಿ. ಮಹಾರಾಷ್ಟ್ರದಲ್ಲಿ 1999ರ ಬಾಡಿಗೆ ಕಾಯ್ದೆಯ ಪ್ರಕಾರ ಲೀವ್ ಅಂಡ್ ಲೈಸೆನ್ಸ್ ಕರಾರು (ನಿಮ್ಮದರಂಥ 11 ತಿಂಗಳ ಬಾಡಿಗೆ ಕರಾರು) ಬರಹದಲ್ಲಿದ್ದು ನೋಂದಣಿಯಾಗಿರಬೇಕು. ಅದರಲ್ಲಿ ಹೆಸರಿಲ್ಲದವನು ನಿಮ್ಮ ಲೆಕ್ಕದಲ್ಲಿ ಗೆಳೆಯ, ಮಾಲೀಕರ ಲೆಕ್ಕದಲ್ಲಿ ಅಪರಿಚಿತ. ಕರಾರು ತೆಗೆದು ಎರಡು ಕಡೆ ಬೆರಳಿಡಿ: ಲಾಕ್‌-ಇನ್ (ಮನೆ ಬಿಡುವಂತಿಲ್ಲದ ಅವಧಿ) ಎಷ್ಟು ತಿಂಗಳು, ನೋಟಿಸ್ ಎಷ್ಟು ದಿನ. ಲಾಕ್‌-ಇನ್ ಮುಗಿದಿದ್ದರೆ ಹೊಸಬನ ಹೆಸರು ಹಾಕಿ ಹೊಸ ಕರಾರು ನೋಂದಾಯಿಸಿ, ಪೊಲೀಸರಿಗೆ ಬಾಡಿಗೆದಾರರ ಮಾಹಿತಿಯನ್ನೂ ಹೊಸದಾಗಿ ಕೊಡಿಸಿ. ಮುಗಿದಿಲ್ಲದಿದ್ದರೆ ಹೋಗುವವನು ತನ್ನ ಪಾಲಿನ ಬಾಡಿಗೆ ಕೊಡುತ್ತಲೇ ಇರಬೇಕಾದೀತು; ಕರೆಂಟು, ಅಡುಗೆಯವರ ಸಂಬಳ ಇಲ್ಲಿ ಇರುವವರ ತಲೆಗೆ. ಡಿಪಾಜಿಟ್ಟನ್ನು ಹೊಸಬ ಹೋಗುವವನಿಗೇ ನೇರವಾಗಿ ಕೊಟ್ಟರೆ ಮಾಲೀಕರಿಂದ ಅದಕ್ಕೊಂದು ಸಾಲು ಬರೆಸಿಕೊಳ್ಳಿ. ಇಲ್ಲದಿದ್ದರೆ ಜೂನ್‌ನಲ್ಲಿ ಮನೆ ಬಿಡುವಾಗ ದುಡ್ಡು ಹಳಬನ ಖಾತೆಗೇ ಹೋಗುತ್ತದೆ.